ಜತ್ತ ಪಟ್ಟಣದ ಬಾಯಿಲೆಕ್ಕ

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ರಾಜ್ಯದ ಗಡಿ ದಾಟಿ ಜತ್ತ ತಾಲೂಕನ್ನು ಹೊಕ್ಕು, ಮುಂದೆ ವಿಟಾ, ಕರಾಡ, ಚಿಪಳೂಣಗಳನ್ನು ಹಾಯ್ದು ಕಡಲ ದಂಡೆಯ ಗುಹಾಗರದಲ್ಲಿ ಮುಗಿಯುತ್ತದೆ. ಗಡಿಯ ಬಳಿ ಫಲಕಗಳ ಲಿಪಿ ಬದಲಾಗುತ್ತದೆ. ಮಣ್ಣು, ಜಾಲಿಕಂಟಿ, ಜೋಳ ಸಜ್ಜೆಗಳ ಹೊಲ, ಜನರ ಮಾತು ಮಾತ್ರ ಬಹುದೂರದವರೆಗೆ ಹಾಗೆಯೇ ಮುಂದುವರಿಯುತ್ತವೆ. ವಿಸ್ತಾರದಲ್ಲಿ ಜತ್ತ ಸಾಂಗಲಿ ಜಿಲ್ಲೆಯ ಅತಿ ದೊಡ್ಡ ತಾಲೂಕು. ಮಳೆಯ ಮಟ್ಟಿಗೆ ಸದಾ ಆಕಾಶ ನೋಡುವ ತಾಲೂಕು. ಉಮದಿ, ಸಂಖ ಭಾಗದವರಿಗೆ ತಮ್ಮ ಜಿಲ್ಲಾ ಕೇಂದ್ರವಾದ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಮಿರಜ–ಪಂಢರಪುರ ರೈಲು ಮಾರ್ಗದಲ್ಲಿ ‘ಜತ್ತ ರೋಡ್’ ಎಂಬ ನಿಲ್ದಾಣವಿದೆ. ಜತ್ತ ಪಟ್ಟಣಕ್ಕೆ ಮಾತ್ರ ರೈಲು ಬಂದಿಲ್ಲ. ಕಾಗದದ ಮೇಲಿನ ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ ಇರುವುದು ಈ ಸೀಮೆಗೆ ರೂಢಿಯಾದ ಸಂಗತಿ.

ಇತ್ತೀಚಿನವರೆಗೆ ಗ್ರಾಮ ಪಂಚಾಯತಿಯಾಗಿದ್ದ ಜತ್ತ ಈಗ ನಗರ ಪರಿಷತ್ತು. ಸಂತೆಯ ದಿನ ಇಲ್ಲಿ ನಿಂತವರ ಕಿವಿಗೆ ಎರಡು ಭಾಷೆಗಳು ಒಂದೇ ವಾಕ್ಯದಲ್ಲಿ ಬೀಳುತ್ತವೆ. ಕಾಯಿಪಲ್ಲೆ ಮಾರುವ ಹೆಂಗಸು ಗಿರಾಕಿಯೊಡನೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾಳೆ, ಕೈಗೆ ಬಂದ ದುಡ್ಡನ್ನು ಕನ್ನಡದಲ್ಲಿ ಎಣಿಸುತ್ತಾಳೆ. ಬಂಡವಾಳ ಎಷ್ಟು, ಉದ್ರಿ ಎಷ್ಟು, ಸಂಜೆ ಪಿಗ್ಮಿಯವನಿಗೆ ಎಷ್ಟು, ಸೋಮವಾರದ ಕಂತಿಗೆ ಎಷ್ಟು ಎಂಬ ಲೆಕ್ಕವೆಲ್ಲ ಅವಳ ಬಾಯಲ್ಲಿಯೇ ಇರುತ್ತದೆ. ಆ ಲೆಕ್ಕ ತಪ್ಪುವುದು ಅಪರೂಪ. ಆದರೆ ಅವಳ ಹಣ ಮನೆಯಿಂದ ಹೊರಟು ಸೇರುವ ಕಡೆಗಳಲ್ಲೆಲ್ಲ ಲೆಕ್ಕ ಬರೆದಿರುವುದು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಬಡವರು ದುಂದುಗಾರರು, ಅವರಿಗೆ ಉಳಿತಾಯದ ಬುದ್ಧಿ ಇಲ್ಲವೆಂಬ ಮಾತನ್ನು ಕಚೇರಿಗಳಲ್ಲಿ ಕೇಳುವುದುಂಟು. ಜತ್ತದ ಓಣಿಗಳನ್ನು ತುಸು ನಿಧಾನವಾಗಿ ನೋಡಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಇಲ್ಲಿಯ ಮನೆಗಳು ಐದಾರು ಬಗೆಯಲ್ಲಿ ಉಳಿಸುತ್ತವೆ. ಕೊರತೆ ಇರುವುದು ಆ ಉಳಿತಾಯಕ್ಕೆ ಸಾಕ್ಷಿಯಾಗಬೇಕಾದ ಕಾಗದದಲ್ಲಿ.

ಸಾಲದ ಕಾಗದ ಜತ್ತಕ್ಕೆ ಹೊಸದಲ್ಲ. ಡಫಳೆ ಮನೆತನದ ಈ ಸಂಸ್ಥಾನವನ್ನೇ 1827ರಲ್ಲಿ ಸಾತಾರೆಯ ಮಹಾರಾಜರು ಸಾಲ ತೀರಿಸುವ ಸಲುವಾಗಿ ಜಪ್ತಿ ಮಾಡಿಕೊಂಡಿದ್ದರು. ಸಾಲ ತೀರಿದ ಮೇಲೆ, 1841ರಲ್ಲಿ, ಅದು ಮರಳಿ ಸಿಕ್ಕಿತು. ಮುಂದೆಯೂ ಸಂಸ್ಥಾನದ ಹಣಕಾಸು ಹದಗೆಟ್ಟಾಗ ಬ್ರಿಟಿಷ್ ಸರಕಾರ ಹಲವು ಸಲ ಕೈಹಾಕಿತು. ಕೊನೆಗೆ ಅರಸರ ದಬ್ಬಾಳಿಕೆಯ ದೂರುಗಳೂ ಕೂಡಿ, 1874ರಿಂದ 1885ರವರೆಗೆ ಆಡಳಿತವನ್ನು ತಾನೇ ನಡೆಸಿತು. ಬ್ರಿಟಿಷರ ಕಾಲದಲ್ಲಿ ಜತ್ತದ ರಾಜಕೀಯ ಏಜೆಂಟರಾಗಿ ನೋಡಿಕೊಂಡವರು ವಿಜಾಪುರದ ಕಲೆಕ್ಟರರು. ಅರಸನ ಸಾಲಕ್ಕೆ ಜಪ್ತಿ ಬಂದರೂ ಸಾಲ ತೀರಿದೊಡನೆ ಬಿಡುಗಡೆಯ ಆದೇಶವೂ ಬಂತು. ಅದಕ್ಕೆ ಲಿಖಿತ ಲೆಕ್ಕವಿತ್ತು. ರೈತನ ಸಾಲಕ್ಕೆ ಅಂಥ ಲೆಕ್ಕ ಅವನ ಕೈಯಲ್ಲಿ ಇರಲಿಲ್ಲ.

ಅದೇ ದಶಕದಲ್ಲಿ, 1875ರಲ್ಲಿ, ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿದರು. ಅವರು ಹೆಚ್ಚಾಗಿ ಹುಡುಕಿ ಸುಟ್ಟದ್ದು ತಾವು ಹೆಬ್ಬೆಟ್ಟು ಒತ್ತಿದ ಸಾಲಪತ್ರಗಳನ್ನು. ಆ ದಂಗೆಯ ಫಲವಾಗಿ ಬಂದದ್ದು 1879ರ ದಖನ್ ಕೃಷಿಕರ ಪರಿಹಾರ ಕಾಯಿದೆ. ರೈತನು ಬರೆದುಕೊಡುವ ಪತ್ರ ಗ್ರಾಮ ನೋಂದಣಾಧಿಕಾರಿಯ ಎದುರಿಗೇ ಬರೆಯಲ್ಪಡಬೇಕು, ಸಾಲಗಾರನಿಗೆ ರಸೀದಿ, ವರ್ಷದ ಲೆಕ್ಕ, ಪಾಸ್‌ಬುಕ್ ಸಿಗಬೇಕು ಎಂಬ ನಿಯಮಗಳು ಅದರಲ್ಲಿದ್ದವು. ಮೊದಲಿಗೆ ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ 4 ಜಿಲ್ಲೆಗಳಿಗಾಗಿ ಬಂದ ಕಾಯಿದೆ. ಸಾಲಗಾರನಿಗೆ ಅನ್ಯಾಯವಾಗುವುದು ಬಡ್ಡಿಯ ದರ ಒಂದರಿಂದಲೇ ಅಲ್ಲ, ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವುದರಿಂದಲೂ ಎಂಬುದನ್ನು ಸರಕಾರ ಸುಮಾರು ಒಂದೂವರೆ ಶತಮಾನದ ಹಿಂದೆಯೇ ಒಪ್ಪಿಕೊಂಡಿತ್ತು.

ಇಂದಿನ ಜತ್ತದ ಬಡ ಓಣಿಗಳಲ್ಲಿ ವಾಸಿಸುವವರು ಬಹುಮಟ್ಟಿಗೆ ಸುತ್ತಲಿನ ಹಳ್ಳಿಗಳಿಂದ ಬಂದವರು. ಬರಗಾಲದಲ್ಲಿ ಹೊಲ ಬಿಟ್ಟವರು, ಮಕ್ಕಳ ಶಾಲೆಗಾಗಿ ಬಂದವರು, ಗಡಿಯಾಚೆಯ ಅಥಣಿ, ಇಂಡಿ ತಾಲೂಕುಗಳಿಂದ ಸೊಸೆಯಾಗಿ ಬಂದವರು ಅವರಲ್ಲಿದ್ದಾರೆ. ತಗಡಿನ ಮಾಡು, ಮುಂದೆ ನೀರಿನ ಬ್ಯಾರಲ್, ಬಾಗಿಲ ಪಕ್ಕದಲ್ಲಿ ಹೊಲಿಗೆ ಯಂತ್ರ ಅಥವಾ ಕೈಗಾಡಿ ಇರುವುದು ಇಂಥ ಮನೆಗಳ ಸಾಮಾನ್ಯ ನೋಟ. ದುಡಿಮೆ ನಾನಾ ತೆರನದು: ಹಮಾಲಿ, ಗೌಂಡಿಯ ಕೈಕೆಳಗಿನ ಕೆಲಸ, ಹೋಟೆಲಿನ ಪಾತ್ರೆ, ಕಾಯಿಪಲ್ಲೆ ವ್ಯಾಪಾರ, ಮನೆಗೆಲಸ. ಏಪ್ರಿಲ್ ಮತ್ತು ಅಕ್ಟೋಬರಿನ ಛಾಟಣಿಯ ಹಂಗಾಮಿನಲ್ಲಿ ಹೆಂಗಸರು ಟೆಂಪೋ ಹತ್ತಿ ದ್ರಾಕ್ಷಿ ತೋಟಗಳಿಗೆ ಹೋಗುತ್ತಾರೆ. ತಿಂಗಳ ಪಗಾರ ಎಣಿಸುವ ಮನೆಗಳು ಈ ಓಣಿಗಳಲ್ಲಿ ಕಡಿಮೆ. ಹಣ ಬರುವುದು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಇಲ್ಲವೆ ಹಂಗಾಮಿಗೊಮ್ಮೆ.

ಹಂಗಾಮಿನ ಹಣದಲ್ಲಿ ದೊಡ್ಡದು ಕಬ್ಬು ಕಡಿಯುವವರ ‘ಉಚಲ’. ದಸರಾ ದೀಪಾವಳಿಗಳ ಸುಮಾರಿಗೆ ಮುಕಾದಮನು ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಒಂದು ‘ಕೋಯ್ತಾ’ ಎಂದು ಎಣಿಸಿ ಮುಂಗಡ ಕೊಡುತ್ತಾನೆ. ಅವರು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಹೋಗಿ ಐದಾರು ತಿಂಗಳು ಕಡಿದು ಆ ಮುಂಗಡವನ್ನು ತೀರಿಸಬೇಕು. ಅಂದರೆ ಈ ಮನೆಗಳಲ್ಲಿ ಖರ್ಚು ಮೊದಲು, ದುಡಿಮೆ ಆಮೇಲೆ. ಮಗಳ ಮದುವೆ, ಮನೆಯ ಮಾಡು, ಹಳೆಯ ಸಾಲ ಎಲ್ಲವೂ ಉಚಲದಲ್ಲಿ ಕರಗಿದ ಬಳಿಕ ಕಬ್ಬಿನ ಫಡದಲ್ಲಿ ಟನ್ನುಗಳ ಲೆಕ್ಕ ಆರಂಭವಾಗುತ್ತದೆ. ಎಷ್ಟು ಟನ್ ಕಡಿದಾಯಿತು, ಎಷ್ಟು ಮುರಿದುಕೊಂಡರು, ಬಾಕಿ ಎಷ್ಟು ಎಂಬುದು ಇರುವುದು ಮುಕಾದಮನ ವಹಿಯಲ್ಲಿ. ಕಡಿದವಳ ಕೈ ಆ ಲೆಕ್ಕದಲ್ಲಿ ಅರ್ಧ ಕೋಯ್ತಾ. ಅವಳ ಹೆಸರು ಅನೇಕ ಸಲ ಅಲ್ಲಿ ಬರೆಯಲ್ಪಡುವುದೇ ಇಲ್ಲ.

ಹನಿಗೂಡಿ ಹಳ್ಳವೆಂದು ಗಾದೆ ಹೇಳುತ್ತದೆ. ಹಳ್ಳಗಳೇ ಒಣಗಿ ನಿಲ್ಲುವ ಈ ಸೀಮೆಯಲ್ಲಿ ಹನಿ ಇಂಗಿಹೋಗದಂತೆ ಕಾಯುವುದೇ ಮನೆವಾರ್ತೆಯ ಮುಖ್ಯ ವಿದ್ಯೆ. ಅದರ ಮೊದಲ ಸ್ಥಾನ ಅಡಿಗೆಮನೆಯ ಸಾಸಿವೆ ಡಬ್ಬಿ. ಗಂಡನಿಗೂ ಮಕ್ಕಳಿಗೂ ಹೇಳದೆ ಹೆಂಗಸರು ಅಲ್ಲಿಡುವ ಹಣ ಕಳ್ಳಗಂಟೆಂದು ನಗೆಗೆ ವಸ್ತುವಾಗಿದೆ. ನಡುರಾತ್ರಿ ಮಗುವಿಗೆ ಜ್ವರ ಬಂದಾಗ ರಿಕ್ಷಾದ ಬಾಡಿಗೆ ಬರುವುದು ಅಲ್ಲಿಂದಲೇ. ಈ ಡಬ್ಬಿಗೆ ಬಡ್ಡಿಯಿಲ್ಲ, ಅರ್ಜಿಯಿಲ್ಲ, ಕಾಗದವೂ ಇಲ್ಲ. ಕಾಗದವಿಲ್ಲದ್ದರ ಬೆಲೆ ತಿಳಿದದ್ದು 2016ರ ನವೆಂಬರ್ 8ರ ರಾತ್ರಿ, 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ. ಡಿಸೆಂಬರ್ 30ರೊಳಗೆ ಅವನ್ನು ಬ್ಯಾಂಕಿಗೆ ಒಯ್ಯಬೇಕಾಯಿತು. ಖಾತೆ ಇಲ್ಲದವಳು ಖಾತೆ ಇದ್ದವರ ಕೈಗೆ, ಬಹುಮಟ್ಟಿಗೆ ಗಂಡನ ಕೈಗೆ, ತನ್ನ ಗುಟ್ಟಿನ ಗಂಟನ್ನು ಒಪ್ಪಿಸಬೇಕಾಯಿತು. ಹೀಗೆ ಹೋದ ಹಣ ಮನೆಯ ಹಣವಾಯಿತು. ಅವಳದಾಗಿ ಮರಳಿ ಬರಲಿಲ್ಲ.

ಎರಡನೆಯದು ಭಿಶಿ. ಬೆಂಗಳೂರಿನ ಕಡೆ ಚೀಟಿ ಎನ್ನುವುದಕ್ಕೆ ಮಹಾರಾಷ್ಟ್ರದಲ್ಲಿಯೂ ಗಡಿ ಸೀಮೆಯಲ್ಲಿಯೂ ಇರುವ ಹೆಸರು ಇದು. 10 ಹೆಂಗಸರು ತಿಂಗಳಿಗೆ 500 ರೂಪಾಯಿಯಂತೆ ಹಾಕಿದರೆ 5,000 ರೂಪಾಯಿ ಕೂಡುತ್ತದೆ. ಚೀಟಿ ಎತ್ತಿದಾಗ ಹೆಸರು ಬಂದವಳಿಗೆ ಅದು ಇಡಿಯಾಗಿ ಸಿಗುತ್ತದೆ. 10 ತಿಂಗಳಲ್ಲಿ ಎಲ್ಲರಿಗೂ ಒಂದೊಂದು ಪಾಳಿ. ಮೊದಲ ಪಾಳಿಯವಳಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಯವಳಿಗೆ ಬಡ್ಡಿಯಿಲ್ಲದ ಉಳಿತಾಯ. ಯಾರ ಮನೆಯಲ್ಲಿ ಬಾಣಂತನವಿದೆ, ಯಾರ ಮಗನ ಫೀ ಕಟ್ಟಬೇಕಾಗಿದೆ ಎಂದು ತಿಳಿದು ಪಾಳಿಯನ್ನು ಬಿಟ್ಟುಕೊಡುವ ಉದಾರತೆ ಈ ಗುಂಪುಗಳಲ್ಲಿದೆ. ಶಿಸ್ತು ಬರುವುದು ನಾಚಿಕೆಯಿಂದ: ತಪ್ಪಿಸಿದವಳು ನಾಳೆ ಅದೇ ನಳದ ಬಳಿ ಕೊಡ ಹಿಡಿದು ನಿಲ್ಲಬೇಕು. ಕಾನೂನಿನ ಕಣ್ಣಿನಲ್ಲಿ ಇದರ ಸ್ಥಿತಿ ನಾಜೂಕಾದದ್ದು. 1982ರ ಚಿಟ್ ಫಂಡ್ ಕಾಯಿದೆ ರಾಜ್ಯ ಸರಕಾರದ ಮಂಜೂರಾತಿ ಮತ್ತು ನೋಂದಣಿ ಇಲ್ಲದೆ ಚೀಟಿ ನಡೆಸುವುದನ್ನು ನಿಷೇಧಿಸುತ್ತದೆ. ಓಣಿಯ ಭಿಶಿ ಆ ಕಡೆ ನೋಡುವುದೇ ಇಲ್ಲ. ಹತ್ತು ಮನೆಯ ಭಿಶಿ ಹೆಚ್ಚಾಗಿ ಮುರಿಯದು. ಆದರೆ ಯಾರೋ ಒಬ್ಬರು ಅದನ್ನು ವ್ಯಾಪಾರವಾಗಿ ಮಾಡಿ ನೂರಾರು ಜನರಿಂದ ಹಣ ಕೂಡಿಸಿ ಒಂದು ದಿನ ಊರು ಬಿಟ್ಟರೆ, ನ್ಯಾಯಾಲಯದಲ್ಲಿ ತೋರಿಸಲು ಕಳೆದುಕೊಂಡವರ ಬಳಿ ಒಂದು ತುಂಡು ಚೀಟಿಯೂ ಇರುವುದಿಲ್ಲ.

ಮೂರನೆಯದು ಪಿಗ್ಮಿ. ಸಂಜೆಯ ಹೊತ್ತು ಅಂಗಡಿಯಿಂದ ಅಂಗಡಿಗೆ, ಗಾಡಿಯಿಂದ ಗಾಡಿಗೆ ಹೋಗಿ 10, 20, 50 ರೂಪಾಯಿ ಕೂಡಿಸುವ ಏಜೆಂಟನನ್ನು ಜತ್ತದಲ್ಲಿ ಎಲ್ಲರೂ ಬಲ್ಲರು. ಈ ಪದ್ಧತಿಯ ತವರು ಕನ್ನಡ ನಾಡಿನ ಕರಾವಳಿ ಎಂಬುದನ್ನು ಬಲ್ಲವರು ಕಡಿಮೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ 2 ಆಣೆಯಷ್ಟು ಚಿಕ್ಕ ಠೇವಣಿಯನ್ನೂ ಕೂಡಿಸುವ ಯೋಜನೆಯನ್ನು ಆರಂಭಿಸಿತು. ಅದರ ಹಿಂದಿದ್ದವರು ಡಾ. ಟಿ.ಎಂ.ಎ. ಪೈ ಮತ್ತು ಅವರ ಸಂಗಡಿಗರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಶಬ್ದ ಮಾತ್ರ ಭಾಷೆಗಳ ಗಡಿ ದಾಟಿ ಮಹಾರಾಷ್ಟ್ರದ ಪತಸಂಸ್ಥೆಗಳಲ್ಲಿ ನೆಲೆಯಾಗಿದೆ. ದಿನಕ್ಕೆ 20 ರೂಪಾಯಿ ಕಟ್ಟಿದರೆ ವರ್ಷಕ್ಕೆ 7,300 ರೂಪಾಯಿ. ಬಡ್ಡಿ ಅಲ್ಪ, ಅವಧಿಗೆ ಮೊದಲೇ ತೆಗೆದರೆ ಅದೂ ಇಲ್ಲ. ಆದರೂ ಜನ ಕಟ್ಟುತ್ತಾರೆ. ಹಣ ಮನೆಯಲ್ಲಿದ್ದರೆ ಖರ್ಚಾಗುತ್ತದೆ, ನೆಂಟರು ಕೇಳಿದರೆ ಇಲ್ಲವೆನ್ನಲಾಗುವುದಿಲ್ಲ. ಪಿಗ್ಮಿಯಲ್ಲಿದ್ದ ಹಣ ‘ಇದೆ, ಆದರೆ ಕೈಯಲ್ಲಿಲ್ಲ’ ಎಂಬ ಗೌರವದ ನೆಪವನ್ನು ಒದಗಿಸುತ್ತದೆ.

ಇಲ್ಲಿ ಒಂದು ಭೇದವನ್ನು ತಿಳಿದಿರುವುದು ಅವಶ್ಯ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಾದರೂ, ಠೇವಣಿ ವಿಮಾ ನಿಗಮದ ರಕ್ಷಣೆ ಇದೆ. 2020ರ ಫೆಬ್ರುವರಿ 4ರಿಂದ ಅದರ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿದೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2019ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಗ್ರಾಹಕರು ತಮ್ಮ ಹಣದಲ್ಲಿ ಆರಂಭಕ್ಕೆ 1,000 ರೂಪಾಯಿ ಮಾತ್ರ ತೆಗೆಯಬಹುದೆಂಬ ನಿರ್ಬಂಧಕ್ಕೆ ಸಿಕ್ಕಿದ್ದರು. ಪತಸಂಸ್ಥೆ ಬ್ಯಾಂಕಲ್ಲ, ಅದು ಪತ್ತಿನ ಸಹಕಾರ ಸಂಘ. ಅದರ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಸಂಸ್ಥೆ ಮುಳುಗಿದರೆ ಸಹಕಾರ ಇಲಾಖೆಯ ಅವಸಾಯಕರ ಮುಂದೆ ಹಕ್ಕು ಸಾಧಿಸಬೇಕು. ವಂಚನೆಯಾಗಿದ್ದರೆ ಠೇವಣಿದಾರರ ಹಿತರಕ್ಷಣೆಗಾಗಿ ಮಹಾರಾಷ್ಟ್ರ 1999ರಲ್ಲಿ ಮಾಡಿದ ಕಾಯಿದೆಯ ಮೊರೆ ಹೋಗಬೇಕು. ಎರಡು ದಾರಿಗೂ ಪಾಸ್‌ಬುಕ್ ಮತ್ತು ರಸೀದಿಗಳೇ ಆಧಾರ. ಒಳ್ಳೆಯ ರೀತಿಯಲ್ಲಿ ನಡೆಯುವ ಪತಸಂಸ್ಥೆಗಳು ಬಡವರಿಗೆ ಬ್ಯಾಂಕಿಗಿಂತ ಹತ್ತಿರವಾಗಿವೆ ಎಂಬುದು ನಿಜ. ಆದರೆ ಫಲಕದ ಮೇಲೆ ಬರೆದಿರುವುದು ಬ್ಯಾಂಕ್ ಎಂದೋ ಪತಸಂಸ್ಥೆ ಎಂದೋ ಓದಿ ತಿಳಿಯದವಳಿಗೆ 5 ಲಕ್ಷದ ಆ ಭೇದ ಯಾರು ಹೇಳಬೇಕು?

ನಾಲ್ಕನೆಯದು ಮೈಮೇಲಿನ ಬಂಗಾರ, ಐದನೆಯದು ಹಿತ್ತಲಿನ ಕುರಿ. ಬೋರಮಾಳ, ಗುಂಡಿನ ಸರ, ಜುಮಕಿ ಇವು ಈ ಮನೆಗಳಲ್ಲಿ ಶೃಂಗಾರಕ್ಕಿಂತ ಹೆಚ್ಚಾಗಿ ಗಿರವಿ ಇಡಲು ಬರುವ ಆಸ್ತಿ. ತವರಿನಿಂದ ಬಂದದ್ದು ಸ್ತ್ರೀಧನ. ಕಾನೂನಿನಂತೆ ಅದು ಪೂರ್ಣವಾಗಿ ಅವಳದು. ಗಿರವಿ ಚೀಟಿ ಮಾತ್ರ ಬಹುಸಲ ಗಂಡನ ಹೆಸರಿನಲ್ಲಿರುತ್ತದೆ, ಬಿಡಿಸಿಕೊಳ್ಳುವ ಹೊತ್ತಿಗೆ ಬಂಗಾರ ಯಾರದೆಂಬ ಪ್ರಶ್ನೆ ಏಳುತ್ತದೆ. ಕುರಿಯ ವಿಷಯದಲ್ಲಿ ಜತ್ತ ತಾಲೂಕಿಗೆ ತನ್ನದೇ ಹಿರಿಮೆ ಇದೆ. ಇಲ್ಲಿಯ ಮಾಡಗ್ಯಾಳದ ಹೆಸರು ಹೊತ್ತ, ಗಿಳಿಮೂಗಿನ, ಎತ್ತರದ ಕುರಿಯ ತಳಿಗೆ ದೂರದೂರದಿಂದ ಗಿರಾಕಿಗಳು ಬರುತ್ತಾರೆ. ಪಟ್ಟಣದ ಅಂಚಿನ ಓಣಿಗಳಲ್ಲಿಯೂ ಒಂದೆರಡು ಮರಿ ಕಟ್ಟಿದ ಮನೆಗಳಿವೆ. ಬ್ಯಾಂಕಿನಲ್ಲಿ ಬೆಳೆಯದ ಹಣ ಕೊಟ್ಟಿಗೆಯಲ್ಲಿ ಬೆಳೆಯುತ್ತದೆ. ಮೇವಿಲ್ಲದ ವರ್ಷ ಅದನ್ನು ಅರ್ಧ ಬೆಲೆಗೆ ಮಾರಬೇಕಾದ ಅಪಾಯವೂ ಇದೆ. ಬರ ಬಂದಾಗ ಎಲ್ಲರೂ ಒಟ್ಟಿಗೇ ಮಾರುತ್ತಾರೆ, ಎಲ್ಲರಿಗೂ ಒಟ್ಟಿಗೇ ನಷ್ಟ.

ಖರ್ಚಿನ ಕಡೆ ನೋಡಿದರೆ, ಬಡವರಿಗೆ ಎಲ್ಲವೂ ತುಟ್ಟಿ. ಎಣ್ಣೆ, ಚಹಾಪುಡಿ, ಸಾಬೂನು 10 ರೂಪಾಯಿಯ ಪೊಟ್ಟಣದಲ್ಲಿ ಬರುತ್ತವೆ; ಇಡಿಯ ಡಬ್ಬ ಕೊಳ್ಳುವವನಿಗಿಂತ ತೂಕಕ್ಕೆ ಹೆಚ್ಚು ದುಡ್ಡು ತೆತ್ತಂತಾಗುತ್ತದೆ. ಉದ್ರಿ ಕೊಡುವ ಕಿರಾಣಿ ಅಂಗಡಿಯವನು ದರದಲ್ಲಿಯೇ ತನ್ನ ಬಡ್ಡಿಯನ್ನು ಸೇರಿಸಿರುತ್ತಾನೆ. ಬೇಸಿಗೆಯಲ್ಲಿ ನೀರೂ ಕೊಳ್ಳುವ ಪದಾರ್ಥ. ಕೃಷ್ಣೆಯ ನೀರನ್ನು ಮೇಲೆತ್ತಿ ತರುವ ಮ್ಹೈಸಾಳ ಯೋಜನೆಯ ಮಾತು ತಲೆಮಾರಿನಿಂದ ನಡೆದಿದೆ. ನೀರು ತಲುಪಿದ ಕಡೆ ದ್ರಾಕ್ಷಿ, ದಾಳಿಂಬೆ ಬಂದಿವೆ. ತಲುಪದ ಕಡೆ ಟ್ಯಾಂಕರಿನ ದಾರಿ ಕಾಯುವ ಹೆಂಗಸು ಅಂದಿನ ಕೂಲಿಯನ್ನೂ ಕಳೆದುಕೊಳ್ಳುತ್ತಾಳೆ. ಆ ಕಳೆದ ಕೂಲಿ ಯಾವ ಖರ್ಚಿನ ಪಟ್ಟಿಯಲ್ಲಿಯೂ ಬರುವುದಿಲ್ಲ. ಕೂಡಿಟ್ಟದ್ದನ್ನೆಲ್ಲ ಒಮ್ಮೆಲೇ ನುಂಗುವುದು ಕಾಯಿಲೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಆ ಊರು ಈ ಭಾಗದ ಕನ್ನಡ ಮರಾಠಿ ಜನರಿಗೆಲ್ಲ ಚಿಕಿತ್ಸೆಯ ದಾರಿ. ಮಿರಜಕ್ಕೋ ವಿಜಯಪುರಕ್ಕೋ ರೋಗಿಯನ್ನು ಒಯ್ದ ಮನೆಯಲ್ಲಿ ಪಿಗ್ಮಿ ಮುರಿಯುತ್ತದೆ, ಕುರಿ ಮಾರಾಟವಾಗುತ್ತದೆ, ಬಂಗಾರ ಗಿರವಿಗೆ ಹೋಗುತ್ತದೆ, ಇದೇ ಕ್ರಮದಲ್ಲಿ.

ಜಾತ್ರೆಯ ಖರ್ಚನ್ನು ದುಂದೆಂದು ಕರೆಯುವವರಿದ್ದಾರೆ. ಮಾರ್ಗಶಿರದಲ್ಲಿ ಜತ್ತದ ಯಲ್ಲಮ್ಮನ ಜಾತ್ರೆ, ಖಿಲಾರಿ ಎತ್ತುಗಳ ಬಜಾರು. ಅದಕ್ಕೂ ಮುಂಚೆ ಕಾರ್ತಿಕ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆ. ದಾನಮ್ಮ 12ನೆಯ ಶತಮಾನದ ಶರಣೆ. ಇದೇ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ, ಕೊಡುಗೈಯಿಂದಾಗಿ ದಾನಮ್ಮ ಎನಿಸಿಕೊಂಡಳೆಂಬುದು ಪರಂಪರೆಯ ನಂಬುಗೆ. ಪಾದಯಾತ್ರೆಯಲ್ಲಿ ಹೋಗುವ ಅಪರಿಚಿತರಿಗೆ ದಾರಿಯ ಮೇಲಿನ ಬಡ ಮನೆಗಳೂ ಅನ್ನ ನೀರು ಕೊಡುತ್ತವೆ. ಲೆಕ್ಕದ ಪುಸ್ತಕದಲ್ಲಿ ಇದು ಖರ್ಚು. ಆದರೆ ಕೊಟ್ಟ ಮನೆಗೆ ಸಂಕಟದಲ್ಲಿ ಕೇಳುವ ಮುಖ ಬರುತ್ತದೆ. ಅಕ್ಕಪಕ್ಕದವರ ಕೈಸಾಲ ಸಿಗುವುದು ಈ ಕೊಡು ಕೊಳ್ಳುವಿಕೆಯ ಬಲದಿಂದ. ಮದುವೆಯ ವಿಷಯ ಹಾಗಲ್ಲ. ಹಂದರ, ಡಾಲ್ಬಿ, ಆಹೇರಿಯ ಸೀರೆಗಳಿಗೆ ಮಾಡಿದ ಸಾಲ ಎರಡು ಮೂರು ಹಂಗಾಮಿನ ಉಚಲವನ್ನು ಕಿತ್ತುಕೊಳ್ಳುತ್ತದೆ. ಸಾಮೂಹಿಕ ವಿವಾಹಕ್ಕೆ ಒಪ್ಪುವ ಮನೆಗಳು ಈ ಬಂಧನದಿಂದ ಪಾರಾಗಿವೆ.

ಕಳೆದ ಒಂದು ದಶಕದಲ್ಲಿ ಹೆಂಗಸರ ಹೆಸರಿನಲ್ಲಿ ಬ್ಯಾಂಕ್ ಖಾತೆಗಳು ತೆರೆದಿವೆ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆ ಅದಕ್ಕೆ ಬಾಗಿಲಾಯಿತು. ಕರ್ನಾಟಕದಲ್ಲಿ 2023ರ ಆಗಸ್ಟ್ 30ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ, ಮಹಾರಾಷ್ಟ್ರದಲ್ಲಿ 2024ರ ಜುಲೈಯಿಂದ ಲಾಡಕಿ ಬಹೀಣ ಯೋಜನೆಯ 1,500 ರೂಪಾಯಿ ತಿಂಗಳ ಲೆಕ್ಕದಲ್ಲಿ ಬರತೊಡಗಿದವು. ಅಕ್ಕ ಇಂಡಿ ತಾಲೂಕಿನಲ್ಲಿ, ತಂಗಿ ಜತ್ತದಲ್ಲಿ ಇರುವ ಮನೆತನಗಳಲ್ಲಿ ಈ ಎರಡು ಮೊತ್ತಗಳ ಹೋಲಿಕೆ ಸಹಜ. ತಂಗಿಗೆ ಬಂದ ಮೊದಲ ತೊಡಕು ಕಾಗದದ್ದು: ಹುಟ್ಟಿದ ಪ್ರಮಾಣಪತ್ರ, ಶಾಲೆಯ ದಾಖಲೆ ಎಲ್ಲ ಕರ್ನಾಟಕದವು. ಹೊರರಾಜ್ಯದಲ್ಲಿ ಹುಟ್ಟಿ ಮಹಾರಾಷ್ಟ್ರದ ನಿವಾಸಿಯನ್ನು ಮದುವೆಯಾದವಳಿಗೆ ಗಂಡನ ಜನ್ಮ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ ಅಥವಾ ಅಧಿವಾಸ ಪ್ರಮಾಣಪತ್ರ ಸಾಕೆಂದು ಸರಕಾರ ಆಮೇಲೆ ನಿಯಮ ಸಡಿಲಿಸಿತು. ಗಡಿಯ ಸೊಸೆಯರಿಗೆ ಆ ಒಂದು ಸಾಲು ತಿಂಗಳಿಗೆ 1,500 ರೂಪಾಯಿಯ ಬೆಲೆಯುಳ್ಳದ್ದಾಯಿತು. ಬಂದ ಹಣ ಭಿಶಿಗೆ, ಪಿಗ್ಮಿಗೆ, ಮಕ್ಕಳ ಫೀಗೆ ಹೋಗುತ್ತಿದೆ. ಕೆಲವು ಮನೆಗಳಲ್ಲಿ ನೇರವಾಗಿ ಸಾಲದ ಕಂತಿಗೆ.

ಆ ಕಂತು ಫೈನಾನ್ಸ್ ಕಂಪನಿಗಳದು. ಹೆಂಗಸರ ಗುಂಪು ಕಟ್ಟಿ, ಒಬ್ಬಳಿಗೆ ಇನ್ನೊಬ್ಬಳನ್ನು ಹೊಣೆ ಮಾಡಿ, ಒತ್ತೆಯಿಲ್ಲದೆ ಕೊಡುವ ಸಾಲ ಇದು. ಗುಂಪಿನ ಕಲ್ಪನೆ ಮೂಲದಲ್ಲಿ ಉಳಿತಾಯದ್ದು. 1980ರ ದಶಕದ ಮಧ್ಯದಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯ ಕೆಲಸದಿಂದ ಬೆಳೆದ ಸ್ವಸಹಾಯ ಗುಂಪುಗಳನ್ನು 1992ರಲ್ಲಿ ನಬಾರ್ಡ್ ಬ್ಯಾಂಕುಗಳಿಗೆ ಜೋಡಿಸಿತು. ಮಹಾರಾಷ್ಟ್ರದಲ್ಲಿ ಅವು ಬಚತ ಗಟಗಳಾದವು. ಬಚತ ಗಟದಲ್ಲಿ ಮೊದಲು ಉಳಿಸಿ ಆಮೇಲೆ ಸಾಲ ತೆಗೆಯಬೇಕು. ಫೈನಾನ್ಸಿನ ಗುಂಪಿನಲ್ಲಿ ಉಳಿತಾಯವಿಲ್ಲ, ಸಾಲ ಮಾತ್ರ. ಅವಸರಕ್ಕೆ ಸುಲಭವಾಗಿ ಸಿಗುವುದರಿಂದ ಒಂದರ ಕಂತು ತುಂಬಲು ಇನ್ನೊಂದನ್ನು ಎತ್ತುವ ಸರಪಳಿ ಬೆಳೆಯುತ್ತದೆ. ಅದೂ ಸಿಗದಿದ್ದರೆ ಖಾಸಗಿ ಸಾವಕಾರ. 10,000ಕ್ಕೆ ಸಹಿ ಹಾಕಿಸಿಕೊಂಡು 9,000 ಕೈಗಿತ್ತು ವಾರಕ್ಕೆ 1,000ದಂತೆ 10 ವಾರ ವಸೂಲಿ ಮಾಡಿದರೆ, ಬಾಯಿಮಾತಿನಲ್ಲಿ ಅದು ‘ನೂರಕ್ಕೆ ಹತ್ತು’. ವಾರವಾರವೂ ಅಸಲು ಇಳಿಯುತ್ತ ಹೋಗುವುದನ್ನು ಗಣಿಸಿದರೆ ವರ್ಷದ ಬಡ್ಡಿ ನೂರಕ್ಕೆ ನೂರನ್ನು ಮುಟ್ಟುತ್ತದೆ. ಬಾಯಿಲೆಕ್ಕದಲ್ಲಿ ನಿಪುಣೆಯಾದವಳೂ ಸೋಲುವುದು ಇಲ್ಲಿಯೇ.

ಕಾನೂನು ಸುಮ್ಮನೆ ಕುಳಿತಿಲ್ಲ. ಪರವಾನಗಿ ಇಲ್ಲದ ಸಾವಕಾರಿಕೆ ಮಹಾರಾಷ್ಟ್ರದ 2014ರ ಕಾಯಿದೆಯಂತೆ ಅಪರಾಧ. ಅಂಥವನು ಕಬಳಿಸಿದ ಆಸ್ತಿಯನ್ನು ಸಾಲಗಾರನಿಗೆ ಮರಳಿಸುವ ಅಧಿಕಾರ ಜಿಲ್ಲಾ ನಿಬಂಧಕರಿಗಿದೆ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಆ ಸುದ್ದಿಯನ್ನು ಕನ್ನಡದ ಟಿವಿಯಲ್ಲಿ ನೋಡಿದ ಜತ್ತದ ಹೆಂಗಸರು ತಮಗೂ ರಕ್ಷಣೆ ಸಿಕ್ಕಿತೆಂದು ಭಾವಿಸಿದರೆ ಅದು ತಪ್ಪು ತಿಳಿವಳಿಕೆ. ಒಂದು ರಾಜ್ಯದ ಕಾನೂನಿನ ಕೈ ಗಡಿಯ ಕಲ್ಲಿನವರೆಗೆ ಮಾತ್ರ. ಗಡಿಯ ಎರಡು ಬದಿಗೂ ಸಲ್ಲುವುದು ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆ ನಿಯಮಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಟ್ಟ ಸಾಲ ಕಿರುಸಾಲ. ಎಲ್ಲ ಸಾಲಗಳ ಕಂತು ಕೂಡಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಬಳಿಕ ವಸೂಲಿಗೆ ಬರಬಾರದು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕಬಾರದು. ಇವೆಲ್ಲಕ್ಕಿಂತ ಜತ್ತದ ಮಟ್ಟಿಗೆ ಮಹತ್ವದ ಮಾತು ಇನ್ನೊಂದಿದೆ: ಸಾಲದ ಕರಾರುಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು.

ನಿಯಮ ಹೇಳುವುದು ‘ರಾಜ್ಯದ ಭಾಷೆ’ ಎಂದಲ್ಲ, ಸಾಲಗಾರರಿಗೆ ಅರ್ಥವಾಗುವ ಭಾಷೆ ಎಂದು. ಆದುದರಿಂದ ಕನ್ನಡವನ್ನಷ್ಟೇ ಬಲ್ಲ ಜತ್ತದ ಹೆಂಗಸಿಗೆ ಕನ್ನಡದ ಕರಾರುಪತ್ರ ಕೊಡುವುದು ಸಾಲ ಕೊಟ್ಟವರ ಕರ್ತವ್ಯ. ಅದು ಯಾರ ಉಪಕಾರವೂ ಅಲ್ಲ, ಭಾಷಾ ವಿವಾದದ ವಿಷಯವೂ ಅಲ್ಲ. ವಿಜಯಪುರದಲ್ಲಿ ವ್ಯವಹಾರ ಮಾಡುವ ಕಂಪನಿ ಅಲ್ಲಿ ಕನ್ನಡದ ನಮೂನೆಯನ್ನು ಅಚ್ಚು ಹಾಕಿಸಿಯೇ ಇರುತ್ತದೆ. ಅದೇ ನಮೂನೆಯನ್ನು ಗಡಿಯ ಈಚೆಗೆ ತರಲು ಹೆಚ್ಚಿನ ವೆಚ್ಚವಿಲ್ಲ, ಕೇಳುವವರು ಬೇಕು.

ಓದು ಬರಹ ಬಾರದ ಹೆಂಗಸರು ಕೇಳಿ ಪಡೆದ ಉದಾಹರಣೆ ನೆರೆಯ ಬರಪೀಡಿತ ಸೀಮೆಯಲ್ಲಿಯೇ ಇದೆ. ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಅವರೊಡನೆ ಹಳ್ಳಿಯ ಹೆಂಗಸರು ಬ್ಯಾಂಕೊಂದನ್ನು ಕಟ್ಟಲು ಹೊರಟಾಗ, ಪ್ರವರ್ತಕರಲ್ಲಿ ಅನೇಕರು ಹೆಬ್ಬೆಟ್ಟಿನವರೆಂಬ ಕಾರಣಕ್ಕೆ ರಿಸರ್ವ್ ಬ್ಯಾಂಕ್ ಮೊದಲು ಪರವಾನಗಿ ನಿರಾಕರಿಸಿತು. ಅವರು ಕೆಲವು ತಿಂಗಳು ಅಕ್ಷರ ಕಲಿತು ಮರಳಿ ಹೋದರು. ಬಡ್ಡಿಯ ಲೆಕ್ಕವನ್ನು ಬಾಯಲ್ಲಿಯೇ ಮಾಡಿ ತೋರಿಸುತ್ತೇವೆ, ಅಧಿಕಾರಿಗಳೂ ಯಂತ್ರವಿಲ್ಲದೆ ಮಾಡಲಿ ಎಂದು ಸವಾಲು ಹಾಕಿದರು. 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕ್ ಬಾಗಿಲು ತೆರೆಯಿತು. ಆ ಹೆಂಗಸರ ಬಾಯಿಲೆಕ್ಕಕ್ಕೂ ಜತ್ತದ ಹೆಂಗಸರ ಬಾಯಿಲೆಕ್ಕಕ್ಕೂ ಏನೂ ಅಂತರವಿಲ್ಲ. ಒಂದೇ ಅಂತರವೆಂದರೆ ಅಲ್ಲಿಯವರು ಕಲಿತದ್ದು ಮನೆಯ ಮಾತಿನ ಅಕ್ಷರವನ್ನೇ. ಅದರಿಂದ ಮನೆಯ ಲೆಕ್ಕವೂ ಬ್ಯಾಂಕಿನ ಲೆಕ್ಕವೂ ಒಂದೇ ಭಾಷೆಯಲ್ಲಿ ನಡೆದವು.

ಕಾಗದದ ಕೊರತೆ ಹೆಚ್ಚು ನೋಯಿಸುವುದು ಸಾವಿನ ಮನೆಯಲ್ಲಿ. ಖಾತೆಗೆ ನಾಮಿನಿ ಇಲ್ಲದಿದ್ದರೆ ಕೆಲವೇ ಸಾವಿರ ರೂಪಾಯಿಯ ಹಣಕ್ಕೂ ವಾರಸಾ ಕಾಗದಗಳಿಗಾಗಿ ವಿಧವೆ ಅಲೆದಾಡಬೇಕಾಗುತ್ತದೆ. ನಾಮಿನಿ ಇದ್ದರೂ ಅವನು ಹಣ ಪಡೆದುಕೊಳ್ಳುವವನಷ್ಟೇ. ಅದು ಸಲ್ಲಬೇಕಾದದ್ದು ವಾರಸುದಾರರಿಗೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕಬ್ಬಿನ ಫಡದಲ್ಲಿ ಗಂಡನನ್ನು ಕಳೆದುಕೊಂಡವಳು ಮೈದುನನ ಹೆಸರು ನಾಮಿನಿಯಾಗಿರುವುದನ್ನು ಕಂಡು ತನ್ನ ಹಕ್ಕೇ ಹೋಯಿತೆಂದು ಸುಮ್ಮನಾಗಬೇಕಿಲ್ಲ. ಅರ್ಜಿಯ ಆ ಒಂದು ಅಂಕಣವನ್ನು ತುಂಬುವಾಗ ಅದನ್ನು ಕನ್ನಡದಲ್ಲಿ ಓದಿ ಹೇಳುವವರಿದ್ದರೆ ಈ ಜಗಳಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಓದಿ ಹೇಳುವವರು ದೂರವಿಲ್ಲ. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಈ ಮನೆಗಳ ಅನೇಕ ಮಕ್ಕಳು ಅಲ್ಲಿ ಅಕ್ಷರ ಕಲಿಯುತ್ತಿದ್ದಾರೆ. ಕನ್ನಡ ಶಾಲೆಯಿಂದ ಏನು ಉಪಯೋಗ, ಮುಂದೆ ನೌಕರಿ ಸಿಕ್ಕೀತೇ ಎಂದು ಪಾಲಕರು ಕೇಳುವುದು ಸಹಜ. ಸಾಲದ ಕಾರ್ಡು, ಪಿಗ್ಮಿಯ ಪುಸ್ತಕ, ಬಚತ ಗಟದ ವಹಿ ಕನ್ನಡದಲ್ಲಿಯೂ ಬಂದರೆ ಆ ಪ್ರಶ್ನೆಗೆ ಮನೆಯಲ್ಲಿಯೇ ಒಂದು ಉತ್ತರ ಸಿಗುತ್ತದೆ. ಸೋಮವಾರದ ಕಂತಿಗೆ ಹೊರಟ ತಾಯಿಗೆ ನಾಲ್ಕನೆಯ ತರಗತಿಯ ಮಗಳು ಕಾರ್ಡು ಓದಿ ಹೇಳುತ್ತಾಳೆ: ಅಸಲು ಇಷ್ಟು, ಬಡ್ಡಿ ಇಷ್ಟು, ಉಳಿದ ಕಂತು ಇಷ್ಟು. ತಾಯಿ ಅದನ್ನು ತನ್ನ ಬಾಯಿಲೆಕ್ಕಕ್ಕೆ ಹಿಡಿದು ನೋಡುತ್ತಾಳೆ. ಹೊಂದದಿದ್ದರೆ ಸಹಿ ಹಾಕುವ ಮುಂಚೆಯೇ ಕೇಳುತ್ತಾಳೆ.